ಟ್ರಯಲ್ ಮುಗೀತು, ಆಂಟಿವೈರಸ್ ರಿನ್ಯೂ ಮಾಡಿಸ್ಬೇಕಾ?

ಪ್ರಶ್ನೆ: ಮಗಳ ಓದಿಗೆ ಅಂತ ಹೊಸ ಲ್ಯಾಪ್‌ಟಾಪ್ ತಗೊಂಡ್ವಿ ಸರ್, ವಿಂಡೋಸ್ 11. ಜೊತೆಗೇ ಬಂದಿದ್ದ ಆಂಟಿವೈರಸ್ ಟ್ರಯಲ್ ಮುಗೀತಾ ಬಂತು, ದಿನಾ ಮೂಲೇಲಿ ಕೆಂಪು ಬಾಕ್ಸ್ ಬಂದು "ನಿಮ್ಮ ಪಿಸಿ ಅಪಾಯದಲ್ಲಿದೆ" ಅಂತ ಹೆದರಿಸ್ತಿದೆ. ದುಡ್ಡು ಕಟ್ಲೇಬೇಕಾ? ಮನೇಲಿ ವಿಂಡೋಸ್ 10 ಇರೋ ಹಳೇ ಡೆಸ್ಕ್‌ಟಾಪೂ ಒಂದಿದೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ ಬಿಡಿ. ಆ ಕೆಂಪು ಬಾಕ್ಸ್ ವೈರಸ್ ಬಂದಿದೆ ಅಂತಿಲ್ಲ, ದುಡ್ಡು ಕೇಳ್ತಿದೆ ಅಷ್ಟೇ. 2012ರಲ್ಲಿ ವಿಂಡೋಸ್ 8 ಬಂದಾಗಿಂದ ಡಿಫೆಂಡರ್ ಅನ್ನೋ ಆಂಟಿವೈರಸ್ ವಿಂಡೋಸ್ ಒಳಗೇ ಇರುತ್ತೆ, ಫ್ರೀ. ಬೇರೆ ಕಂಪನೀದು ಹಾಕಿದ್ರೆ ಡಿಫೆಂಡರ್ ತಾನೇ ಪಕ್ಕಕ್ಕೆ ಸರ್ಕೊಂಡು ಸುಮ್ನಾಗುತ್ತೆ, ನಿಮ್ಮಲ್ಲಿ ಈಗ ಆಗಿರೋದು ಅದೇ. ಸೆಟ್ಟಿಂಗ್ಸಲ್ಲಿ ಆಪ್ಸ್ ಲಿಸ್ಟ್ ತೆಗೆದು ಆ ಟ್ರಯಲ್ ಹುಡುಕಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಕೊಡಿ, ಆಮೇಲೆ ಸ್ಟಾರ್ಟ್ ಮೆನುವಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಟೈಪ್ ಮಾಡಿ ಓಪನ್ ಮಾಡಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಅನ್ನೋದ್ರ ಹತ್ರ ಹಸಿರು ಟಿಕ್ ಕಂಡ್ರೆ ಡಿಫೆಂಡರ್ ವಾಪಸ್ ಡ್ಯೂಟಿಗೆ ಬಂದಿದೆ ಅಂತ.

ಹಾಗಂತ ಸಿಕ್ಕಿದ್ದೆಲ್ಲ ಡೌನ್‌ಲೋಡ್ ಮಾಡ್ಕೋಬೇಡಿ. ನಮ್ಮಕ್ಕನ ಮಗ ಒಂದು ಗೇಮ್ ಕ್ರ್ಯಾಕ್ (ದುಡ್ಡು ಕೊಡ್ದೇ ಆಡೋಕೆ ಬಳಸೋ ಕಳ್ಳ ಫೈಲ್) ಇಳಿಸ್ಕೊಂಡಿದ್ದ, ಜೊತೇಲಿದ್ದ ನೋಟ್‌ಪ್ಯಾಡ್ ಫೈಲಲ್ಲಿ ಮೊದಲ್ನೇ ಸಾಲೇ "ಆಂಟಿವೈರಸ್ ಆಫ್ ಮಾಡಿ" ಅಂತ, ಪುಣ್ಯಾತ್ಮ ಮಾಡೂ ಮಾಡ್ದ, ಎರಡೇ ದಿನಕ್ಕೆ ಇನ್‌ಸ್ಟಾಗ್ರಾಂ ಅಕೌಂಟ್ ಕೈಬಿಟ್ಟು ಹೋಯ್ತು. ದುಡ್ಡು ಕೊಟ್ಟು ತಂದಿದ್ದ ಆಂಟಿವೈರಸ್ ಇದ್ದಿದ್ರೆ ಅದನ್ನೂ ಆಫ್ ಮಾಡ್ತಿದ್ದ ಬಿಡಿ.

ರಿನ್ಯೂ ದುಡ್ಡನ್ನ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಸೇರಿಸಿ. ವಾರಕ್ಕೊಂದ್ಸಲ ಮಗಳ ಪ್ರಾಜೆಕ್ಟು, ಫೋಟೋ ಎಲ್ಲ ಕಾಪಿ ಮಾಡಿ ಕೇಬಲ್ ಕಿತ್ತು ಬೀರುವಲ್ಲಿಡಿ, ಸಿಕ್ಕಿಸೇ ಇಟ್ರೆ ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದಾಗ ಅದರಲ್ಲಿರೋ ಫೈಲಿಗೂ ಬೀಗ ಬೀಳುತ್ತೆ.

ನಂಗೆ ಚಿಂತೆ ಇರೋದು ನಿಮ್ಮ ಹಳೇ ಡೆಸ್ಕ್‌ಟಾಪ್ ಬಗ್ಗೆ. ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು, ಅಂದ್ರೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟು ಅದಕ್ಕಿನ್ನು ಬರಲ್ಲ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ಹರಡ್ತಲ್ಲ, ಅದು ನುಗ್ಗಿದ ವಿಂಡೋಸ್ ತೂತು ಮುಚ್ಚೋ ಅಪ್‌ಡೇಟು ಮಾರ್ಚಲ್ಲೇ ಬಂದಿತ್ತು, ಹಾಕ್ಕೊಳ್ದೇ ಇದ್ದೋರು ಸಿಕ್ಕಿಬಿದ್ರು. ಅಪ್‌ಡೇಟೇ ಬರ್ದಿರೋ ಮಷಿನ್‌ಗೆ ಮೇಲೊಂದು ಆಂಟಿವೈರಸ್ ಹೊದಿಸಿದ್ರೆ ಆ ತೂತೇನೂ ಮುಚ್ಚಲ್ಲ. ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ತೆಗೆದು 11ಕ್ಕೆ ಫ್ರೀ ಅಪ್‌ಗ್ರೇಡ್ ಸಿಗುತ್ತಾ ನೋಡಿ. ಮಷಿನ್ ತೀರಾ ಹಳೇದು, ಆಗಲ್ಲ ಅಂದ್ರೆ ಅದರಲ್ಲಿ ಬ್ಯಾಂಕ್ ಲಾಗಿನ್ ಮಾತ್ರ ಮಾಡ್ಬೇಡಿ.