ಹಳ್ಳದ ದಂಡೆಯ ದಾರಿ: ಫೇವರ್ಸ್ ಬಣ್ಣ ಆಮೇಲೆ, ಮೊದಲು ಮಣ್ಣು ನೋಡಿ

ಊರೊಳಗಿನ ಹಳ್ಳದ ಗುಂಟ ನಡೆಯಲು, ಸೈಕಲ್ ತುಳಿಯಲು ದಾರಿ ಬೇಕು ಎಂದು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಪತ್ರಗಳು ಬರುತ್ತಲೇ ಇವೆ. ಬೇಡಿಕೆ ಒಳ್ಳೆಯದೇ. ಆದರೆ ಫೇವರ್ಸ್ (ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಇಟ್ಟಿಗೆ) ಯಾವ ಬಣ್ಣದ್ದಿರಲಿ, ದೀಪದ ಕಂಬ ಯಾವ ಡಿಸೈನಿನದ್ದು, ಸೆಲ್ಫಿ ಪಾಯಿಂಟ್ ಎಲ್ಲಿ ಎಂಬ ಪ್ರಶ್ನೆಗಳೇ ತುಂಬಿರುತ್ತವೆ. ಮಳೆಗಾಲದಲ್ಲಿ ನೀರು ಎಲ್ಲಿತನಕ ಏರುತ್ತದೆ, ದಂಡೆಯ ಮಣ್ಣು ಎಂಥದ್ದು ಎಂದು ಕೇಳುವವರು ಅಪರೂಪ. ಉಳಿದದ್ದೆಲ್ಲ ನಿಂತಿರುವುದು ಈ ಎರಡರ ಮೇಲೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ.

ಪ್ರಶ್ನೆ: ನಮ್ಮೂರ ಹಳ್ಳದ ಹೂಳೆತ್ತಿ ದಂಡೆಗೆ ಸುರಿದಿದ್ದರು. ಅದನ್ನೇ ಸಮ ಮಾಡಿ, ಉಸುಕು ಹರಡಿ ಫೇವರ್ಸ್ ಜೋಡಿಸಿದರು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಉದ್ದಕ್ಕೂ ಬಿರುಕು. ಒಂದು ಕಡೆ ದಾರಿ ಹಳ್ಳದತ್ತ ಜಗ್ಗಿದೆ. "ಎರೆಮಣ್ಣಿನ ಗುಣವೇ ಹಾಗೆ, ಕಾಂಕ್ರೀಟ್ ಹಾಕಿದರೆ ಸರಿಹೋಗುತ್ತದೆ" ಎನ್ನುತ್ತಾರೆ ಗುತ್ತಿಗೆದಾರರು. ನಿಜವೇ? (ಓದುಗರು, ರಾಯಚೂರು ಜಿಲ್ಲೆ)

ಉತ್ತರ: ಸರಿಹೋಗುವುದಿಲ್ಲ. ಅದೇ ಮಣ್ಣಿನ ಮೇಲೆ ಕಾಂಕ್ರೀಟ್ ಹಾಕಿದರೆ ಇನ್ನೂ ದೊಡ್ಡ ತುಂಡುಗಳಾಗಿ ಒಡೆಯುತ್ತದೆ, ಅಷ್ಟೇ. ಎರೆಮಣ್ಣಿನ ಗುಣ ಹಾಗೆ ಎಂಬುದು ನಿಜ. ಆ ಗುಣ ಎಸ್ಟಿಮೇಟ್ ಬರೆಯುವ ದಿನವೇ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಒಡೆದ ಮೇಲೆ ಮಣ್ಣಿನ ಮೇಲೆ ತಪ್ಪು ಹೊರಿಸುವುದನ್ನು ಒಪ್ಪಬೇಡಿ.

ದುರಸ್ತಿಗೆ ಕೈಹಾಕುವ ಮುಂಚೆ ಬಿರುಕನ್ನು ಓದಿ. ಬಿರುಕಿನ ಎರಡೂ ಬದಿ ಒಂದೇ ಮಟ್ಟದಲ್ಲಿದ್ದು, ಬೇಸಿಗೆಯಲ್ಲಿ ಅಗಲವಾಗಿ ಮಳೆಯಲ್ಲಿ ಮುಚ್ಚಿಕೊಂಡರೆ ಅದು ಮಣ್ಣು ಕುಗ್ಗಿ ಹಿಗ್ಗುವ ಬಿರುಕು. ದಾರಿಯ ನಡುಭಾಗದ ಕೆಳಗೆ ತೇವ ಉಳಿಯುತ್ತದೆ, ಅಂಚು ಒಣಗುತ್ತದೆ. ಹಾಗಾಗಿ ಇದು ಅಂಚಿನಿಂದ ಒಂದೆರಡು ಅಡಿ ಒಳಗೆ, ಅಂಚಿಗೆ ಸಮಾನಾಂತರವಾಗಿ ಬರುತ್ತದೆ. ಅದೇ ಬಿರುಕು ಬಿಲ್ಲಿನಂತೆ ಬಾಗಿದ್ದು, ಹಳ್ಳದ ಕಡೆಯ ಭಾಗ ಒಂದೆರಡು ಸೆಂಟಿಮೀಟರ್ ಕೆಳಗಿಳಿದಿದ್ದರೆ ಇಡೀ ದಂಡೆಯೇ ಜಾರುತ್ತಿದೆ ಎಂದರ್ಥ. ಇವೆರಡಕ್ಕೂ ಔಷಧ ಬೇರೆ ಬೇರೆ. ಅನುಮಾನವಿದ್ದರೆ ಬಿರುಕಿನ ಆಚೆ ಈಚೆ ಒಂದೊಂದು ಕಾಂಕ್ರೀಟ್ ಮೊಳೆ ಹೊಡೆಯಿರಿ. ನಡುವಿನ ದೂರವನ್ನೂ ಮಟ್ಟದ ವ್ಯತ್ಯಾಸವನ್ನೂ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಮಟ್ಟದ ವ್ಯತ್ಯಾಸ ಪ್ರತಿ ಮಳೆಗೂ ಹೆಚ್ಚುತ್ತಿದ್ದರೆ ಆ ಭಾಗಕ್ಕೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿ.

ದಂಡೆ ಹೆಚ್ಚಾಗಿ ಕುಸಿಯುವುದು ಪ್ರವಾಹದ ದಿನವಲ್ಲ, ನೀರು ಇಳಿದ ಮೇಲೆ. ಹಳ್ಳ ತುಂಬಿ ಹರಿಯುವಾಗ ಆ ನೀರೇ ದಂಡೆಗೆ ಆನಿಕೆ. ನೀರು ಸರ್ರನೆ ಇಳಿದರೆ ಆನಿಕೆ ತಪ್ಪುತ್ತದೆ, ಮಣ್ಣೊಳಗೆ ಸೇರಿದ ನೀರು ಮಾತ್ರ ಅಲ್ಲೇ ಉಳಿದು ಭಾರವಾಗಿ ನೂಕುತ್ತದೆ. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಹಾಗಾಗಿ ಮಳೆ ನಿಂತ ಮರುದಿನ, ಅದರಾಚೆ ದಿನ ದಂಡೆ ನೋಡಿಕೊಂಡು ಬರಬೇಕು. ಹಳ್ಳ ತಿರುಗುವ ಕಡೆ, ತಿರುವಿನ ಹೊರಮಗ್ಗುಲಲ್ಲಿ ನೀರು ದಂಡೆಯ ಬುಡವನ್ನೇ ಕೊರೆಯುತ್ತದೆ. ಮೊದಲು ಜಾರುವುದೂ ಅಲ್ಲೇ.

ಆದ್ದರಿಂದ ದಾರಿ ಎಷ್ಟು ದೂರವಿರಬೇಕು ಎಂಬುದನ್ನು ನೋಟದ ಚೆಂದ ನೋಡಿ ನಿರ್ಧರಿಸುವಂತಿಲ್ಲ. ಹಳ್ಳದ ತಳದಲ್ಲಿ ದಂಡೆಯ ಬುಡ ಎಲ್ಲಿದೆಯೋ ಅಲ್ಲಿಂದ 1 ಮೀಟರ್ ಎತ್ತರಕ್ಕೆ 2 ಮೀಟರ್ ಹಿಂದೆ ಸರಿಯುವ ಇಳಿಜಾರಿನ ಗೆರೆ ಎಳೆಯಿರಿ. ಆ ಗೆರೆ ನೆಲ ಮುಟ್ಟಿದಲ್ಲಿಂದ ಇನ್ನೂ 2 ಮೀಟರ್ ಬಿಟ್ಟು ದಾರಿಯ ಅಂಚು ಬರಲಿ. 3 ಮೀಟರ್ ಆಳದ ಹಳ್ಳವಾದರೆ ಬುಡದಿಂದ 8 ಮೀಟರ್ ಆಯಿತು. ತಿರುವಿನ ಹೊರಮಗ್ಗುಲಲ್ಲಿ ಇನ್ನೂ ಹಿಂದೆ ಸರಿಯಿರಿ. ಜಾಗವಿಲ್ಲದಿದ್ದರೆ ಆ ತುಂಡಿನಲ್ಲಿ ದಾರಿಯನ್ನು ಪಕ್ಕದ ಓಣಿಗೆ ತಿರುಗಿಸಿ ಮುಂದೆ ಮತ್ತೆ ಹಳ್ಳಕ್ಕೆ ತನ್ನಿ. ಇಡೀ ದಾರಿ ನೀರಿನ ಪಕ್ಕದಲ್ಲೇ ಇರಬೇಕೆಂಬ ಹಟ ಬೇಡ.

ನೀರಿನ ಮಟ್ಟಕ್ಕೆ ನಮ್ಮ ಭಾಗದಲ್ಲಿ ಒಂದು ಗಟ್ಟಿ ಗುರುತಿದೆ: 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆ. ದಂಡೆಯ ಮನೆಗಳವರನ್ನು ಕೇಳಿದರೆ ನೀರು ಯಾವ ಮೆಟ್ಟಿಲಿಗೆ, ಯಾವ ಕಿಟಕಿಗೆ ಬಂದಿತ್ತು ಎಂದು ಕೈಯಿಟ್ಟು ತೋರಿಸುತ್ತಾರೆ. ನೂರು ನೂರು ಮೀಟರಿಗೆ ಒಂದೊಂದು ಗುರುತು ಹಿಡಿದು ಲೆವೆಲ್ ಯಂತ್ರದಿಂದ ನಕಾಶೆಗೆ ಏರಿಸಿ. ಆಮೇಲೆ ಕಟ್ಟಿದ ಸೇತುವೆ, ಸಿ.ಡಿ.ಗಳು (ರಸ್ತೆಯಡಿ ನೀರು ದಾಟಿಸುವ ಮೋರಿಗಳು) ಹಳ್ಳದ ಬಾಯಿ ಕಿರಿದು ಮಾಡಿದ್ದರೆ ಅದೇ ಮಳೆಗೆ ನೀರು ಆ ಗುರುತಿಗಿಂತ ಮೇಲೇರುತ್ತದೆ ಎಂಬುದು ನೆನಪಿರಲಿ. ದಾರಿ ವರ್ಷಕ್ಕೊಂದೆರಡು ಸಲ ಮುಳುಗಿದರೆ ತೊಂದರೆಯಿಲ್ಲ. ವಿದ್ಯುತ್ ಪ್ಯಾನೆಲ್, ಶೌಚಾಲಯ, ಅಂಗಡಿ ಮಾತ್ರ ಆ ಗುರುತಿನ ಕೆಳಗೆ ಒಂದೂ ಇರಬಾರದು. ಮುಳುಗುವ ತುಂಡುಗಳಲ್ಲಿ ಫೇವರ್ಸ್ ಬೇಡವೇ ಬೇಡ. ಹರಿಯುವ ನೀರು ಒಂದು ಇಟ್ಟಿಗೆ ಎಬ್ಬಿಸಿದರೆ ಸಾಲೇ ಎದ್ದುಹೋಗುತ್ತದೆ. ಅಲ್ಲಿ ಕಾಂಕ್ರೀಟ್ ಹಾಕಿ.

ಇನ್ನು ಮಣ್ಣು. ಜೆಸಿಬಿಯಿಂದ ಎತ್ತಿ ಸುರಿದ ಹೂಳು ಒಡ್ಡು ಅಲ್ಲ, ಗುಡ್ಡೆ. ಅದರೊಳಗೆ ಕಸ, ಬೇರು, ಪ್ಲಾಸ್ಟಿಕ್ ಇರುತ್ತದೆ, ಒತ್ತಿ ಕೂರಿಸಿರುವುದಿಲ್ಲ. ಮೇಲಾಗಿ ಅದರ ಭಾರವೇ ದಂಡೆಯನ್ನು ಜಾರಿಸುತ್ತದೆ. ಅದನ್ನು ತೆಗೆದು ಹಳೆಯ ನೆಲ ಕಾಣುವಂತೆ ಮಾಡಿ, ಆಮೇಲೆ ಆ ನೆಲವನ್ನು ಪರೀಕ್ಷಿಸಿ. ಪರೀಕ್ಷೆ ದೊಡ್ಡದೇನಲ್ಲ. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣು ಹತ್ತು ಹತ್ತು ಗ್ರಾಂ, 100 ಮಿಲಿಯ ಎರಡು ಅಳತೆ ಗಾಜುಗಳಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಟ್ಟು ಮಣ್ಣಿನ ಮಟ್ಟ ನೋಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಅರ್ಧದಷ್ಟು, ಅಂದರೆ ಶೇ 50ಕ್ಕಿಂತ ಹೆಚ್ಚು ಹಿಗ್ಗಿದ್ದರೆ ಆ ಮಣ್ಣನ್ನು ದಾರಿಯ ಕೆಳಗೆ ಹಾಗೇ ಬಿಡುವಂತಿಲ್ಲ.

ಆಗ ಎರಡು ದಾರಿ. ಮೊದಲನೆಯದು, 60 ಸೆಂಟಿಮೀಟರ್ ಎರೆ ತೆಗೆದು ಗರಸು (ಮೊರಂ) ತುಂಬುವುದು. ದಾರಿಯ ಅಗಲಕ್ಕಿಂತ ಎರಡೂ ಕಡೆ ಅರ್ಧರ್ಧ ಮೀಟರ್ ಹೆಚ್ಚು ತೆಗೆಯಿರಿ. ಗರಸನ್ನು 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ರೋಲರ್ ಹೊಡೆಯಬೇಕು. ಒಂದೇ ಸಲ ತುಂಬಿ ಮೇಲೊಮ್ಮೆ ರೋಲರ್ ಓಡಿಸಿದರೆ ಮೇಲಿನ ಒಂದು ಗೇಣು ಮಾತ್ರ ಗಟ್ಟಿಯಾಗುತ್ತದೆ. ದಂಡೆಯ ಅಂಚಿನ ಸಮೀಪ ದೊಡ್ಡ ರೋಲರ್ ಒಯ್ಯಬೇಡಿ, ಅಲ್ಲಿಗೆ ಕೈಯಲ್ಲಿ ಹಿಡಿದು ಓಡಿಸುವ ವೈಬ್ರೇಟರ್ ಸಾಕು. 3 ಮೀಟರ್ ಅಗಲದ ದಾರಿಗೆ ಒಂದು ಕಿಲೋಮೀಟರಿಗೆ ಒತ್ತಿದ ಲೆಕ್ಕದಲ್ಲೇ 2,400 ಘನ ಮೀಟರ್ ಗರಸು ಬೇಕು. ನಿಮ್ಮೂರಿನ ಎಸ್ಟಿಮೇಟ್ ತರಿಸಿ ಈ ಒಂದು ಸಾಲು ನೋಡಿ. ಕೆಲವೇ ನೂರು ಘನ ಮೀಟರ್ ಬರೆದಿದ್ದರೆ ಬಿರುಕು ಅಲ್ಲೇ ಹುಟ್ಟಿದೆ.

ನಿಮ್ಮ ದಾರಿಯ ಇನ್ನೊಂದು ದೊಡ್ಡ ತಪ್ಪು ಉಸುಕು. ಫೇವರ್ಸ್ ಕೂರಿಸಲು 25-30 ಮಿಲಿಮೀಟರ್ ಉಸುಕು ಬೇಕು, ಸರಿ. ಆದರೆ ಅದರ ಕೆಳಗೆ ನೇರ ಎರೆ ಇದ್ದರೆ ಸಂದಿಗಳಿಂದ ಇಳಿದ ನೀರು ದನದ ಬಾನಿಯಲ್ಲಿ ನಿಂತಂತೆ ನಿಲ್ಲುತ್ತದೆ, ಎರೆ ಅದನ್ನು ಕುಡಿದು ಉಬ್ಬುತ್ತದೆ. ಗರಸಿನಲ್ಲೂ ಅಂಟು ಸ್ವಲ್ಪ ಇರಬೇಕು. ಬರೀ ಖಡಿ, ಉಸುಕು ತುಂಬಿದರೆ ಇದೇ ಪಾಡು.

ಎರಡನೆಯ ದಾರಿ ಸುಣ್ಣ. ಮಣ್ಣಿನ ಒಣ ತೂಕದ ಶೇ 3ರಿಂದ 5. ಶೇ 4 ಹಿಡಿದರೆ 15 ಸೆಂಟಿಮೀಟರ್ ದಪ್ಪದ ಪದರಕ್ಕೆ ಚದರ ಮೀಟರಿಗೆ ಸುಮಾರು 10 ಕಿಲೋ. ಹೆಂಟೆ ಪುಡಿಯಾಗುವಂತೆ ರೋಟವೇಟರ್ ಹೊಡೆದು, ಸುಣ್ಣ ಬೆರೆಸಿ, ನೀರು ಹಾಕಿ ಅಂದೇ ಒತ್ತಿ, ಏಳು ದಿನ ಒಣಗದಂತೆ ಕಾಯಬೇಕು. ಹೆಂಟೆ ಉಳಿದರೆ ಸುಣ್ಣ ಹೊರಮೈಗೆ ಹತ್ತುತ್ತದೆ, ಒಳಗೆ ಎರೆ ಎರೆಯಾಗಿಯೇ ಇರುತ್ತದೆ. ಬಯಲಲ್ಲಿ ಬಿಟ್ಟ ಹಳೆಯ ಸುಣ್ಣ ಕೆಲಸಕ್ಕೆ ಬರುವುದಿಲ್ಲ. ಚಿಟಿಕೆ ಸುಣ್ಣಕ್ಕೆ ನಿಂಬೆರಸ ಹಿಂಡಿ ನೋಡಿ, ಜೋರಾಗಿ ನೊರೆಗುಟ್ಟಿದರೆ ಅದರ ಸತ್ವ ಹೋಗಿದೆ. "ಒಂದು ಲೀಟರ್ ದ್ರಾವಣ ಚಿಮುಕಿಸಿದರೆ ಎರೆ ಕಲ್ಲಾಗುತ್ತದೆ" ಎಂದು ಡಬ್ಬಿ ಹಿಡಿದು ಬರುವವರನ್ನು ಬಾಗಿಲಲ್ಲೇ ಕಳಿಸಿ. ಇಲ್ಲವೇ ಇದೇ ಗಾಜಿನ ಪರೀಕ್ಷೆಯನ್ನು ಅವರ ಕಣ್ಣೆದುರೇ ಮಾಡಿಸಿ.

ಹೊಸದಾಗಿ ತುಂಬಿದ ನೆಲದ ಮೇಲೆ ಮೊದಲ ಮಳೆಗಾಲ ಕಳೆಯುವವರೆಗೆ ಗಟ್ಟಿ ಹೊದಿಕೆ ಹಾಕದಿರುವುದು ನನ್ನ ಸಲಹೆ. ಗರಸಿನ ಮೇಲೆ ಕಲ್ಲುಪುಡಿ ಒತ್ತಿ ಜನರನ್ನು ಬಿಡಿ. ಎಲ್ಲಿ ಕುಸಿಯಿತು, ಎಲ್ಲಿ ನೀರು ನಿಂತಿತು ಎಂಬುದನ್ನು ಮಳೆಯೇ ತೋರಿಸುತ್ತದೆ. ಆಮೇಲೆ 15 ಸೆಂಟಿಮೀಟರ್ ಖಡಿ ಪದರ, ಅದರ ಮೇಲೆ 10 ಸೆಂಟಿಮೀಟರ್ ಕಾಂಕ್ರೀಟ್. ಕಾಂಕ್ರೀಟ್ ಹಾಕಿದ 24 ಗಂಟೆಯೊಳಗೆ, ಎರಡೂವರೆ ಮೀಟರಿಗೊಂದರಂತೆ, ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಜಾಯಿಂಟ್ ಕತ್ತರಿಸಿ. ಅಡ್ಡ ಇಳಿಜಾರು ಶೇ 2. ಉದ್ಘಾಟನೆಯ ದಿನಾಂಕ ಮೊದಲು ಗೊತ್ತುಮಾಡಿಕೊಂಡವರಿಗೆ ಈ ಕ್ರಮ ರುಚಿಸುವುದಿಲ್ಲ, ಗೊತ್ತು.

ಈಗ ನೀವು ಮಾಡಬೇಕಾದದ್ದು: ದಾರಿಯ ಪಕ್ಕದ ಹುಲ್ಲುಹಾಸಿಗೆ ನೀರು ಬಿಡುವುದನ್ನು ಇಂದೇ ನಿಲ್ಲಿಸಿ. ಒಂದೇ ಜಾಗ ಬೇಸಿಗೆಯಲ್ಲೂ ಉಬ್ಬಿ ಹಸಿಯಾಗಿದ್ದರೆ ಕೆಳಗೆ ನೀರಿನ ಪೈಪು ಸೋರುತ್ತಿದೆ, ಹುಡುಕಿಸಿ. ಬಿರುಕಿಗೆ ಸಿಮೆಂಟ್ ಹಾಲು ಸುರಿಯಬೇಡಿ. ಮಳೆಗೆ ಮಣ್ಣು ಹಿಗ್ಗಿದಾಗ ಆ ಸಿಮೆಂಟೇ ಅಕ್ಕಪಕ್ಕದ್ದನ್ನು ಒಡೆಯುತ್ತದೆ. ಡಾಂಬರು ಬೆರೆಸಿದ ಉಸುಕು ತುಂಬಿ. ಜಾರುತ್ತಿರುವ ತುಂಡಿಗೆ ಮೇಲಿನ ಹೂಳಿನ ಭಾರ ಇಳಿಸಿ, ಬುಡಕ್ಕೆ ಕಲ್ಲು ಕಟ್ಟಿ. 30ರಿಂದ 45 ಸೆಂಟಿಮೀಟರ್ ಗಾತ್ರದ ಕಲ್ಲು, ಅದರ ಹಿಂದೆ ಸಣ್ಣ ಖಡಿಯ ಇಲ್ಲವೇ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಸೋಸುವ ಪದರ, ಹಳ್ಳದ ತಳಕ್ಕಿಂತ ಒಂದು ಮೀಟರ್ ಕೆಳಗಿಂದ ಆರಂಭ. ಸೋಸುವ ಪದರವಿಲ್ಲದಿದ್ದರೆ ಕಲ್ಲುಗಳ ಸಂದಿಯಿಂದ ಮಣ್ಣು ತೊಳೆದುಹೋಗಿ ಕಲ್ಲು ಹಳ್ಳಕ್ಕೆ ಬೀಳುತ್ತದೆ.

ಪ್ರಶ್ನೆ: ಎರಡೂ ಕಡೆ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದರೆ ನೆರೆಯ ಭಯವೇ ಇರುವುದಿಲ್ಲವಲ್ಲ? (ಗಂಗಾವತಿ)

ಗೋಡೆ ನೀರನ್ನು ಕಡಿಮೆ ಮಾಡುವುದಿಲ್ಲ, ಅದರ ಹರವು ಕಿತ್ತುಕೊಂಡು ಮಟ್ಟವನ್ನೂ ವೇಗವನ್ನೂ ಹೆಚ್ಚಿಸುತ್ತದೆ. ನಿಮ್ಮ ಓಣಿ ಉಳಿದರೆ ಕೆಳಗಿನ ಓಣಿ ಮುಳುಗುತ್ತದೆ. ಓಣಿಯ ಮಳೆನೀರು ಹಳ್ಳಕ್ಕೆ ಇಳಿಯಲಾಗದೆ ಗೋಡೆಯ ಹಿಂದೆಯೇ ನಿಲ್ಲುತ್ತದೆ.

ಪ್ರಶ್ನೆ: ಹಳ್ಳದ ಮೇಲೆ ಸ್ಲ್ಯಾಬ್ ಹಾಕಿ ಅದರ ಮೇಲೆ ದಾರಿ ಮಾಡಬಹುದೇ?

ಬೇಡ. ಹೂಳೆತ್ತಲು ಬಾರದು, ಒಳಗೆ ವಿಷಾನಿಲ ಕಟ್ಟುತ್ತದೆ, ಇಳಿದವರ ಜೀವ ಹೋಗುತ್ತದೆ.

ಪ್ರಶ್ನೆ: ಹಳ್ಳ ನಾರುತ್ತದೆ. ಬ್ಯಾಕ್ಟೀರಿಯಾ ದ್ರಾವಣ ಸುರಿದರೆ ವಾಸನೆ ಹೋಗುತ್ತದೆಯಂತೆ? (ಬಳ್ಳಾರಿ)

ಹರಿಯುವ ನೀರಿಗೆ ಸುರಿದದ್ದು ನೀರಿನ ಜೊತೆಯೇ ಹೋಗುತ್ತದೆ. ಕಕ್ಕಸಿನ ನೀರು ಬರುವವರೆಗೆ ವಾಸನೆ ಇರುತ್ತದೆ. ದಂಡೆಗುಂಟ ನಡೆದು ಹಳ್ಳಕ್ಕೆ ಬೀಳುವ ಗಟಾರಗಳನ್ನು ಒಂದೊಂದಾಗಿ ನಕಾಶೆಯಲ್ಲಿ ಗುರುತಿಸಿ, ಒಳಚರಂಡಿಗೆ ತಿರುಗಿಸಲು ನಗರಸಭೆಯನ್ನು ಒತ್ತಾಯಿಸಿ. ಆ ಪೈಪು ಹೋಗುವುದು ಬಹುಮಟ್ಟಿಗೆ ಇದೇ ದಾರಿಯ ಕೆಳಗೇ. ಹಾಗಾಗಿ ಪೈಪು ಮೊದಲು, ದಾರಿ ಆಮೇಲೆ. ಮ್ಯಾನ್‌ಹೋಲ್ ಮುಚ್ಚಳ ಸೈಕಲ್ ಹೋಗುವ ಸಾಲಿನಿಂದ ಪಕ್ಕಕ್ಕಿರಲಿ, ನೆರೆಯ ಮಟ್ಟಕ್ಕಿಂತ ಮೇಲಿರಲಿ.

ಪ್ರಶ್ನೆ: ಬೈಕು ನುಗ್ಗದಂತೆ ಎಂಥ ಗೇಟು ಇಡಬೇಕು? (ಸಿಂಧನೂರು)

ಗಾಲಿಕುರ್ಚಿಗೆ 90 ಸೆಂಟಿಮೀಟರ್ ಬೇಕು, ಅಷ್ಟರಲ್ಲಿ ಬೈಕೂ ನುಗ್ಗುತ್ತದೆ. ಬೈಕು ತಡೆಯುವ ಸುತ್ತುಗೇಟು ಮೊದಲು ತಡೆಯುವುದು ಅಂಗವಿಕಲರನ್ನು, ಮೂರುಗಾಲಿ ಸೈಕಲ್ಲನ್ನು. 1.2 ಮೀಟರ್ ಅಂತರದ ಕಂಬಗಳಿಂದ ಆಟೋ, ಕಾರು ನಿಲ್ಲುತ್ತವೆ. ಒಂದು ಕಂಬ ಬೀಗ ತೆಗೆದು ಕೀಳುವಂತಿರಲಿ, ಎಲ್ಲಕ್ಕೂ ಹೊಳೆಯುವ ಪಟ್ಟಿ ಇರಲಿ. ಬೈಕು ನಿಲ್ಲಬೇಕಾದರೆ ದಾರಿ ಎರಡು ದೊಡ್ಡ ರಸ್ತೆಗಳ ನಡುವೆ ಅಡ್ಡದಾರಿಯಾಗಬಾರದು. ಇದು ನಕಾಶೆಯಲ್ಲೇ ತೀರ್ಮಾನವಾಗಬೇಕು, ಗೇಟಿನಲ್ಲಲ್ಲ.

ಪ್ರಶ್ನೆ: ಅಗಲ ಎಷ್ಟು?

ನಡೆಯುವವರು, ಸೈಕಲ್ಲಿನವರು ಸೇರಿ 3 ಮೀಟರಿಗೆ ಕಡಿಮೆ ಬೇಡ. ಜಾಗವಿದ್ದರೆ ಎರಡನ್ನೂ ಬೇರ್ಪಡಿಸಿ. ನಡೆಯುವವರಿಗೆ ಭಾರತೀಯ ರಸ್ತೆ ಕಾಂಗ್ರೆಸ್ (ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ) ಹೇಳುವ ಕನಿಷ್ಠ ಅಗಲ 1.8 ಮೀಟರ್. ಇನ್ನೂ ಒಂದು: ಮರ ದಾರಿಯ ಪಡುವಣಕ್ಕಿರಲಿ. ನಮ್ಮ ಬಿಸಿಲಿಗೆ ಸಂಜೆಯ ನೆರಳಿಲ್ಲದ ದಾರಿಯಲ್ಲಿ ಯಾರೂ ಕಾಲಿಡುವುದಿಲ್ಲ. ಬೇವು, ಹೊಂಗೆ ಅಂಚಿನಿಂದ 3 ಮೀಟರ್ ದೂರ, ಹೊಳೆಮತ್ತಿ ಹಳ್ಳದ ಮಗ್ಗುಲಿಗೆ.

ಪ್ರಶ್ನೆ: ಹಳ್ಳದಿಂದ 50 ಮೀಟರ್ ಯಾರೂ ಏನೂ ಕಟ್ಟುವಂತಿಲ್ಲ ಎಂದು ವಾಟ್ಸಾಪಿನಲ್ಲಿ ಬಂದಿದೆ.

ಅದು ಬೆಂಗಳೂರಿನ ರಾಜಕಾಲುವೆಗಳ ಬಗ್ಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿತು. ನಿಮ್ಮೂರಿಗೆ ಬೇಕಾದದ್ದು ನಿಮ್ಮೂರ ಮಹಾಯೋಜನೆ (ಮಾಸ್ಟರ್ ಪ್ಲಾನ್), ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ). ಹಳ್ಳ ಸರ್ಕಾರದ ಸ್ವತ್ತು ಎಂದು 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಸರ್ವೆ ಮಾಡಿಸಿ ಬಾಂದುಕಲ್ಲು ನೆಡಿಸದೆ ಒಂದು ಬುಟ್ಟಿ ಗರಸೂ ಹಾಕಬೇಡಿ.

ಪ್ರಶ್ನೆ: ಕೊಪ್ಪಳದ ಹಿರೇಹಳ್ಳದಲ್ಲಿ ಮಾಡಿದಂತೆ ನಾವೂ ಜಾಲಿ ಕಿತ್ತು ಸ್ವಚ್ಛ ಮಾಡಿ ದಾರಿ ಮಾಡಬೇಕೆಂದಿದ್ದೇವೆ. ಬೇಸಿಗೆಯಲ್ಲಿ ಶುರು ಮಾಡಬಹುದೇ?

2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಹಿರೇಹಳ್ಳಕ್ಕಿಳಿದದ್ದು ದೊಡ್ಡ ಕೆಲಸ. ಕಸ, ಹೂಳು ಬೇಸಿಗೆಯಲ್ಲೇ ತೆಗೆಯಿರಿ. ಆದರೆ ದಂಡೆಯ ಇಳಿಜಾರಿನ ಬಳ್ಳಾರಿ ಜಾಲಿಯನ್ನು ಮೇ ತಿಂಗಳಲ್ಲಿ ಬೋಳಿಸಬೇಡಿ. ಕೆಟ್ಟ ಗಿಡವಾದರೂ ಮಣ್ಣು ಹಿಡಿದಿರುವುದು ಅದರ ಬೇರೇ. ಬರೀ ಕಡಿದರೆ ಬುಡದಿಂದ ಮತ್ತೆ ಹತ್ತಾರು ಚಿಗುರು ಬರುತ್ತವೆ. ಮಳೆಗಾಲ ಮುಗಿದ ಮೇಲೆ, ನೆಲ ಮೆತ್ತಗಿರುವಾಗ, 30 ಸೆಂಟಿಮೀಟರ್ ಆಳದವರೆಗಿನ ಬೊಡ್ಡೆ ಸಮೇತ ಕೀಳಿಸಿ. ಇಪ್ಪತ್ತು ಮೂವತ್ತು ಮೀಟರಿನ ತುಂಡುಗಳಲ್ಲಿ ತೆಗೆಯುತ್ತ, ತೆಗೆದ ಕಡೆ ಕೂಡಲೇ ಗರಿಕೆ, ಲಾವಂಚ ನೆಟ್ಟು ಬೇರೂರುವತನಕ ನೀರು ಕೊಡಿ, ಆಮೇಲೆ ಮುಂದಿನ ತುಂಡಿಗೆ ಹೋಗಿ. ಕಡಿದ ಮುಳ್ಳನ್ನು ದಾರಿಯ ಬದಿ ಒಟ್ಟದೆ ಅಂದೇ ಸಾಗಿಸಿ. ಒಣಗಿದ ಜಾಲಿಮುಳ್ಳು ಸೈಕಲ್ ಟಯರಷ್ಟೇ ಅಲ್ಲ, ರಬ್ಬರ್ ಚಪ್ಪಲಿಯನ್ನೂ ದಾಟಿ ಕಾಲಿಗೆ ಇಳಿಯುತ್ತದೆ.