ಅಜ್ಜಿಯ ‘ಸ’, ಪಿಯಾನೊ ಟೀಚರ್‌ನ ‘ಸಿ’

ಪ್ರಶ್ನೆ: ಮಗಳಿಗೆ ಐದೂವರೆ ವರ್ಷ. ಮೂರು ತಿಂಗಳಿಂದ ಪಿಯಾನೊ ಕ್ಲಾಸಿಗೆ ಹೋಗುತ್ತಿದ್ದಾಳೆ. ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇದೆ. ಸಂಜೆ ಅಜ್ಜಿ ಕರ್ನಾಟಕ ಸಂಗೀತದ ಮೊದಲ ಪಾಠ, ಸರಳೆ ವರಸೆ ಹೇಳಿಕೊಡುತ್ತಾರೆ. ಗುರುತಿಗಿರಲಿ ಎಂದು ಸಿ ಕೀಯಿಂದ ಶುರುಮಾಡಿ ಬಿಳಿ ಕೀಗಳಿಗೆ ಸ ರಿ ಗ ಮ ಚೀಟಿ ಅಂಟಿಸಿದೆ. ಅಜ್ಜಿ ‘ಇದು ಸರಳೆಯೇ ಅಲ್ಲ’ ಅನ್ನುತ್ತಾರೆ. ಟೀಚರ್ ‘ಚೀಟಿ ತೆಗೀರಿ’ ಅನ್ನುತ್ತಾರೆ. ಮಗು ಗೊಂದಲಕ್ಕೆ ಬೀಳುತ್ತಾ? ಒಂದನ್ನು ನಿಲ್ಲಿಸಲಾ?
– ಒಬ್ಬ ತಾಯಿ, ಮೈಸೂರು

ಉತ್ತರ: ಎರಡೂ ನಡೆಯಲಿ. ಚೀಟಿ ಮಾತ್ರ ಇವತ್ತೇ ಕಿತ್ತುಬಿಡಿ.

ಅಜ್ಜಿಯ ಕಿವಿ ಸರಿಯಾಗೇ ಇದೆ. ಸರಳೆ ಹಾಡುವುದು ಮಾಯಾಮಾಳವಗೌಳ ರಾಗದಲ್ಲಿ. ಸಿಯಿಂದ ಬಿಳಿ ಕೀಗಳನ್ನು ಸಾಲಾಗಿ ಒತ್ತಿದರೆ ಬರುವುದು ಶಂಕರಾಭರಣ ರಾಗದ ಸ್ವರಗಳು. ಅಜ್ಜಿಯ ರಿ, ದ ಎರಡೂ ಕಪ್ಪು ಕೀಗಳ ಮೇಲಿವೆ: ರಿ ಸಿಯ ಬಲಕ್ಕೆ, ದ ಜಿಯ ಬಲಕ್ಕೆ. ಅದೂ ಸಿಯನ್ನೇ ಸ ಅಂತ ಇಟ್ಟುಕೊಂಡರೆ. ಅಜ್ಜಿ ಐದು ಮನೆ ಶ್ರುತಿ ಇಟ್ಟರೆ ಸ ಹೋಗಿ ಸಿಯಿಂದ ಐದನೇ ಬಿಳಿ ಕೀ, ಅಂದರೆ ಜಿ ಮೇಲೆ ಕೂರುತ್ತದೆ, ಕಪ್ಪು ಕೀ ಮೂರಾಗುತ್ತವೆ. ಚೀಟಿ ಪಾಪ, ಅಂಟಿಸಿದಲ್ಲೇ ಇರುತ್ತದೆ.

ನನ್ನ ಮಕ್ಕಳಿಗೆ ನಾನು ಹೇಳೋದು ಇಷ್ಟು: ಸಿ ಅಂದರೆ ಮನೆ ನಂಬರು, ಅದು ಬದಲಾಗಲ್ಲ. ಸ ಅಂದರೆ ಅಜ್ಜಿ. ಒಬ್ಬೊಬ್ಬರ ಅಜ್ಜಿ ಒಂದೊಂದು ಮನೆಯಲ್ಲಿ ಇರ್ತಾರೆ ಅಲ್ವಾ? ಐದು ವರ್ಷದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ದೊಡ್ಡವರಿಗೇ ಸ್ವಲ್ಪ ತಡ.

ಚೀಟಿ ಇಲ್ಲದೆ ಸಿ ಹುಡುಕೋದು ಹೇಗೆ? ಕಪ್ಪು ಕೀಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿವೆ. ಜೋಡಿಯ ಎಡಕ್ಕೆ ಆತುಕೊಂಡಿರುವ ಬಿಳಿ ಕೀಯೇ ಸಿ. ‘ಎಷ್ಟು ಸಿ ಇದೆ ಹುಡುಕು’ ಅನ್ನಿ. ಸಾಮಾನ್ಯವಾಗಿ 61 ಕೀಗಳಲ್ಲಿ ಆರು ಸಿಗುತ್ತವೆ. ಮಕ್ಕಳು ಐದಕ್ಕೇ ನಿಲ್ಲುತ್ತಾರೆ. ಯಾಕೆಂದರೆ ಬಲತುದಿಯ ಸಿಗೆ ಪಕ್ಕದಲ್ಲಿ ಜೋಡಿಯೇ ಇಲ್ಲ, ಕೀಬೋರ್ಡೇ ಮುಗಿದಿರುತ್ತದೆ. ನೀವು ಹೇಳಿಕೊಡಬೇಡಿ. ತಾನೇ ಕಂಡುಹಿಡಿದ ದಿನ ಕುಣಿಯುತ್ತಾಳೆ.

ಆಮೇಲೆ ಅಜ್ಜಿಯನ್ನೂ ಆಟಕ್ಕೆ ಸೇರಿಸಿಕೊಳ್ಳಿ. ಅವರು ಸ ಹಾಡಲಿ, ಮಗು ಆ ಕೀ ಹುಡುಕಲಿ. ಆಮೇಲೆ ರಿ. ಬಿಳಿ ಕೀ ಒತ್ತಿ, ಮುಖ ಸಿಂಡರಿಸಿ, ಕಪ್ಪಿಗೆ ಬೆರಳು ಹೋಗುತ್ತಲ್ಲ, ಕಿವಿ ತಯಾರಾಗುವುದು ಆ ಗಳಿಗೆಯಲ್ಲೇ. ಸ್ವರವನ್ನು ಬಳುಕಿಸುವ ಗಮಕ ಮಾತ್ರ ಗಂಟಲಲ್ಲೇ ಇರಲಿ. ಪಿಯಾನೊ ಕೀಯನ್ನು ಎಷ್ಟು ಅಲುಗಿಸಿದರೂ ಸ್ವರ ಬಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಕೀಬೋರ್ಡು ಮಂಚದ ಮೇಲಿದೆಯಾ? ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಮಗು ಬಗ್ಗಿಕೊಂಡು, ಬೆರಳು ಚಪ್ಪಟೆ ಮಾಡಿಕೊಂಡು ನುಡಿಸುತ್ತದೆ. ಬೆರಳಿಗೆ ಬೈದು ಉಪಯೋಗವಿಲ್ಲ, ಕೂರುವ ಎತ್ತರ ಸರಿಮಾಡಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಆಗ ಕಾಲು ನೇತಾಡುತ್ತದೆ, ಕೆಳಗೊಂದು ಊಟದ ಮಣೆ ಇಡಿ. ಈ ವಯಸ್ಸಿಗೆ ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಬೇಕಾದರೆ ಸಂಜೆ ಅಜ್ಜಿ ಜೊತೆ ಇನ್ನೊಂದು ಹತ್ತು.