ಮಂಡ್ಯದಿಂದ ಅಪ್ಪ ಅಮ್ಮ, ಮಕ್ಕಳ ಜೊತೆ ಮಲ್ಪೆಗೆ ಹೋಗುತ್ತಿದ್ದೇವೆ. ಬೀಚಿಗೆ ಹತ್ತಿರದ ಫ್ಯಾಮಿಲಿ ಹೋಟೆಲ್ ತಗೊಳ್ಳೋದು ಒಳ್ಳೆಯದಾ?

ರೂಮಿಗೆ ಮೂರು ಸಾವಿರದ ಒಳಗೆ, ಬೀಚಿಗೆ ಅರ್ಧ ಕಿಲೋಮೀಟರ್ ಒಳಗೆ, ಜೊತೆಗೆ ವಯಸ್ಸಾದವರು ಮತ್ತು ಮಕ್ಕಳು ಅಂತ ಬರೆದಿದ್ದೀರಿ. ನಾವೂ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿಕೊಂಡು ಮೈಸೂರಿನಿಂದ ಹೊರಟಿದ್ದು. ಅದಕ್ಕೇ ಉತ್ತರ ಬರೆಯಲೇಬೇಕು ಅನ್ನಿಸಿತು.

ನಮ್ಮತ್ತೆ ಹುಟ್ಟಿ ಬೆಳೆದದ್ದು ಪಾಂಡವಪುರದ ಕಡೆ. ಕನ್ನಂಬಾಡಿ ಕಟ್ಟೆ ತುಂಬಿ ನಿಂತದ್ದನ್ನು ಎಷ್ಟೋ ಸಲ ನೋಡಿದವರು. ಸಮುದ್ರ ಮಾತ್ರ ನೋಡಿರಲಿಲ್ಲ. ಮಂಡಿ ನೋವು ಇನ್ನೂ ಜಾಸ್ತಿ ಆಗುವ ಮೊದಲು ಒಂದು ಸಲ ತೋರಿಸಿಬಿಡೋಣ ಅಂತ ದಸರಾ ರಜೆಯಲ್ಲಿ ಹೊರಟೆವು. ರೂಮ್ ಬುಕ್ ಮಾಡಿದ್ದು ನಾನು.

ಆ್ಯಪ್‌ನಲ್ಲಿ ಬೀಚಿಗೆ ಹತ್ತಿರ ಇರುವ ಹೋಟೆಲ್‌ಗಳು ಮೊದಲು ಬರುವ ಹಾಗೆ ಮಾಡಿಕೊಂಡು ಹುಡುಕಿದೆ. ಒಂದು ಕಡೆ 700 ಮೀಟರ್ ಅಂತ ತೋರಿಸಿತು. ರೂಮ್ ಫೋಟೋ ಚೆನ್ನಾಗಿತ್ತು, ನಮ್ಮ ಬಜೆಟ್ಟಿಗೂ ಹೊಂದುತ್ತಿತ್ತು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅನ್ನುವ ದರ ಇನ್ನೂ ಸ್ವಲ್ಪ ಕಡಿಮೆ ಇತ್ತು, ಅದನ್ನೇ ತಗೊಂಡೆ. 700 ಮೀಟರ್ ತಾನೇ, ಅತ್ತೆ ನಿಧಾನಕ್ಕೆ ನಡೆದರೂ ಕಾಲು ಗಂಟೆ, ಅಲ್ಲಲ್ಲಿ ಕೂತು ಹೋದರಾಯಿತು ಅಂದುಕೊಂಡೆ.

ಹೋಟೆಲ್ ಮುಟ್ಟಿ ಬ್ಯಾಗ್ ಇಟ್ಟ ಮೇಲೆ ಬೀಚಿಗೆ ದಾರಿ ಯಾವುದು ಅಂತ ರಿಸೆಪ್ಷನ್‌ನಲ್ಲಿ ಕೇಳಿದೆ. "ಆಟೋದಲ್ಲಿ ಹೋಗ್ಬೇಕು ಮೇಡಂ, ಸೇತುವೆ ಸುತ್ತಿ ಬರ್ಬೇಕು" ಅಂದರು. ಯಾವ ಸೇತುವೆ ಅಂತಲೇ ನನಗೆ ತಿಳಿಯಲಿಲ್ಲ. ಟೆರೇಸ್ ಹತ್ತಿ ನೋಡಿದಾಗ ಗೊತ್ತಾಯಿತು. ಎದುರಿಗೆ ಅಗಲವಾದ ಹೊಳೆ. ದಡದಲ್ಲಿ ಕಟ್ಟಿಹಾಕಿದ ದೋಣಿಗಳು. ಆಚೆ ದಡದಲ್ಲಿ ತೆಂಗಿನ ತೋಟ, ಹಂಚಿನ ಮನೆಗಳು. ಆ ತೆಂಗಿನ ಸಾಲಿನ ಹಿಂದೆ ಅಲೆಯ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು, ನೀರು ಮಾತ್ರ ಕಾಣುತ್ತಿರಲಿಲ್ಲ. ಅತ್ತೆ ಮೆಟ್ಟಿಲು ಹತ್ತಿ ಬಂದು ಹೊಳೆ ನೋಡಿ, "ಸಮುದ್ರ ಎಲ್ಲೈತವ್ವಾ?" ಅಂದರು.

ಇಲ್ಲಿ ಏನಾಗಿತ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಮೀಟರ್ ಲೆಕ್ಕದಲ್ಲೇ ಕೇಳಿದ್ದೀರಿ. ಮಲ್ಪೆಯ ದಕ್ಷಿಣಕ್ಕೆ ಪಡುಕೆರೆ ಅಂತ ಉದ್ದದ ಕಿರಿದಾದ ಪಟ್ಟಿ ಇದೆ. ಅದರ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಉದ್ಯಾವರ ಹೊಳೆ. ಈ ಹೊಳೆ ಸೀದಾ ಪಶ್ಚಿಮಕ್ಕೆ ಹೋಗಿ ಸಮುದ್ರ ಸೇರುವುದಿಲ್ಲ. ಉತ್ತರಕ್ಕೆ ತಿರುಗಿ, ತೀರದ ಪಕ್ಕದಲ್ಲೇ ಹರಿದು, ಮಲ್ಪೆ ಬಂದರಿನ ಹತ್ತಿರ ಸೇರುತ್ತದೆ. ನಮ್ಮ ಹೋಟೆಲ್ ಇದ್ದದ್ದು ಹೊಳೆಯ ಈಚೆ ದಡದಲ್ಲಿ. ಆ್ಯಪ್ ಅಳೆದದ್ದು ಗೆರೆ ಎಳೆದ ಹಾಗೆ ನೇರ ದೂರ. ಹಕ್ಕಿಗಾದರೆ 700 ಮೀಟರ್, ಮನುಷ್ಯರು ಸೇತುವೆ ತನಕ ಹೋಗಿ ಸುತ್ತಿ ಬರಬೇಕು. ಮ್ಯಾಪ್‌ನಲ್ಲಿ ಆ ನೀಲಿ ಪಟ್ಟಿ ನನಗೂ ಕಂಡಿತ್ತು. ಯಾವುದೋ ಸಣ್ಣ ಕಾಲುವೆ, ದಾಟೋಕೆ ದಾರಿ ಇರುತ್ತದೆ ಅಂದುಕೊಂಡೆ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಗೆ ಅಲ್ಲಲ್ಲಿ ಸೇತುವೆ ಇರುವುದನ್ನು ನೋಡಿ ಬೆಳೆದವಳು ನಾನು. ಹೋಟೆಲ್‌ನಿಂದ ಬೀಚಿಗೆ ನಡೆದು ಹೋಗುವ ದಾರಿ ತೋರಿಸು ಅಂತ ಮ್ಯಾಪ್‌ಗೆ ಕೇಳಿದ್ದರೆ ಒಂದು ನಿಮಿಷದಲ್ಲಿ ವಿಷಯ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಆ 700 ಅನ್ನುವ ಅಂಕಿಯಲ್ಲೇ ಮನಸ್ಸು ನಿಂತುಬಿಟ್ಟಿತ್ತು, ಲಿಫ್ಟ್ ಇದೆಯಾ ಅಂತ ಕೂಡ ವಿಚಾರಿಸಿರಲಿಲ್ಲ. ಲಿಫ್ಟ್ ಇರಲಿಲ್ಲ.

ದುಡ್ಡು ಆಗಲೇ ಕಟ್ಟಾಗಿದ್ದರಿಂದ ಬೇರೆ ಕಡೆಗೆ ಹೋಗುವ ಹಾಗೂ ಇರಲಿಲ್ಲ. ಬೀಚಿಗೆ ಹೋಗುವಾಗಲೆಲ್ಲ ಆಟೋ, ಕಾಯಿಸಿದ್ದಕ್ಕೆ ಬೇರೆ ದುಡ್ಡು. ಮೊದಲ ದಿನ ನಾವು ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿ ಆಗಿತ್ತು. ಅತ್ತೆ ಮೊದಲ ಸಲ ಸಮುದ್ರ ನೋಡಿದ್ದು ಕತ್ತಲಲ್ಲಿ. ಆಟೋ ದುಡ್ಡು ಹೋದರೆ ಹೋಗಲಿ, ಇದು ನನಗೆ ಇವತ್ತಿಗೂ ಸಂಕಟ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಬೀಚಿಗೆ ಹತ್ತಿರವೇ ರೂಮ್ ಬೇಕು ಅನ್ನುವ ಆಸೆಯನ್ನು ಬಿಟ್ಟುಬಿಡಿ. ಉಡುಪಿ ಊರೊಳಗೆ ಉಳಿದುಕೊಳ್ಳಿ. ಅಲ್ಲಿಂದ ಮಲ್ಪೆ ಆರು ಕಿಲೋಮೀಟರ್, ಸಿಟಿ ಬಸ್ಸುಗಳು ಓಡಾಡುತ್ತಲೇ ಇರುತ್ತವೆ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ನೀವು ಬೀಚಿನಲ್ಲಿ ಎಷ್ಟು ಹೊತ್ತು ಇರುತ್ತೀರಿ ಹೇಳಿ? ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಮಧ್ಯಾಹ್ನ ಮರಳ ಮೇಲೆ ಕಾಲಿಡೋಕೆ ಆಗಲ್ಲ. ಮಿಕ್ಕ ಹೊತ್ತೆಲ್ಲ ರೂಮಿನಲ್ಲೇ ಅಲ್ವಾ? ಅದಕ್ಕೇ ಆ ಮೂರು ಸಾವಿರವನ್ನು ಒಳ್ಳೆ ರೂಮಿಗೆ ಹಾಕಿ. ಲಿಫ್ಟ್, ಕಮೋಡ್, ಬೆಳಗ್ಗೆ ಬಿಸಿನೀರು, ಸರಿಯಾಗಿ ಓಡುವ ಎಸಿ. ನಮ್ಮ ಕಡೆಯವರಿಗೆ ಕರಾವಳಿಯ ಸೆಕೆ ಅಭ್ಯಾಸ ಇಲ್ಲ, ನಿಂತಲ್ಲೇ ಬೆವರು ಇಳಿಯುತ್ತದೆ. ಸಮುದ್ರ ಕಾಣುವ ರೂಮ್ ಅಂದರೆ ಅಲ್ಲಿ ಪಶ್ಚಿಮಕ್ಕೆ ಕಿಟಕಿ ಇರುವ ರೂಮ್. ಮಧ್ಯಾಹ್ನದಿಂದ ಸಂಜೆ ತನಕ ಬಿಸಿಲು ಒಳಗೇ ಬೀಳುತ್ತದೆ.

ನೀರಿನ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ತೀರದ ಪಕ್ಕದ ಬಾವಿ, ಬೋರ್‌ವೆಲ್‌ಗಳಲ್ಲಿ ಉಪ್ಪು ಸೇರಿಕೊಂಡಿರುವುದುಂಟು. ನಮ್ಮ ಹೋಟೆಲ್‌ನಲ್ಲಿ ಎಷ್ಟು ಉಜ್ಜಿದರೂ ಸೋಪು ನೊರೆ ಬರಲಿಲ್ಲ, ಮಕ್ಕಳ ತಲೆಗೂದಲು ಅಂಟಂಟು. ಫೋನ್ ಮಾಡಿದಾಗ ಇದನ್ನೂ ಕೇಳಿ.

ಊಟಕ್ಕೂ ಊರೊಳಗೇ ಅನುಕೂಲ. ಕೃಷ್ಣ ಮಠದ ರಥಬೀದಿ ಸುತ್ತಮುತ್ತ ಸಸ್ಯಾಹಾರಿ ಹೋಟೆಲ್‌ಗಳಿಗೆ ಬರ ಇಲ್ಲ. ಕೆಲವು ಕಡೆ ಊಟಕ್ಕೆ ಕುಚ್ಚಲಕ್ಕಿ ಅನ್ನ ಹಾಕುತ್ತಾರೆ. ದಪ್ಪ ಅಗುಳು, ನಮ್ಮತ್ತೆಗೆ ಒಗ್ಗಲಿಲ್ಲ. ಬೆಳ್ತಿಗೆ ಅನ್ನ ಕೊಡಿ ಅಂದರೆ ಬಿಳಿ ಅನ್ನ ಕೊಡುತ್ತಾರೆ.

ಮೈಸೂರಿನಿಂದ ರಾತ್ರಿ ಬಸ್ಸಿಗೆ ಹೋಗುವುದಾದರೆ ಬೆಳಗ್ಗೆ ಬೇಗ ಇಳಿಯುತ್ತೀರಿ. ಆ್ಯಪ್‌ನಲ್ಲಿ ಸಿಗುವ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಚೆಕ್‌ಇನ್ ಮಧ್ಯಾಹ್ನ. ಅಲ್ಲಿ ತನಕ ಅಪ್ಪ ಅಮ್ಮನನ್ನು ಸೋಫಾ ಮೇಲೆ ಕೂರಿಸಬೇಡಿ, 24 ಗಂಟೆ ಲೆಕ್ಕದ ಲಾಡ್ಜ್ ಹುಡುಕಿ. ಇನ್ನು ತೋರಿಸಿದ ದರದ ಮೇಲೆ ಜಿಎಸ್‌ಟಿ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿ ತನಕದ ರೂಮಿಗೆ ಅದು 5%.

ಇಷ್ಟು ಹೇಳಿದ ಮೇಲೂ ಬೀಚಿನ ಪಕ್ಕವೇ ಬೇಕು ಅಂದರೆ, ದುಡ್ಡು ಕಟ್ಟುವ ಮೊದಲು ಹೋಟೆಲ್‌ಗೇ ಫೋನ್ ಮಾಡಿ. ಎಷ್ಟು ದೂರ ಅಂತ ಕೇಳಬೇಡಿ, ಮಧ್ಯೆ ಏನಿದೆ ಅಂತ ಕೇಳಿ. ಹೊಳೆ ಇದೆಯಾ, ಹೆದ್ದಾರಿ ದಾಟಬೇಕಾ? ಆ ಕರಾವಳಿ ಉದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ, ಲಾರಿಗಳ ವೇಗ ನೋಡಿದರೆ ಮಕ್ಕಳ ಕೈ ಹಿಡಿದು ದಾಟೋಕೆ ಭಯ ಆಗುತ್ತದೆ.

ಅಪ್ಪ ಅಮ್ಮನಿಗೆ ಮರಳಲ್ಲಿ ನಡೆಯೋದು ಕಷ್ಟ ಆದರೆ ಮಲ್ಪೆಯಲ್ಲಿ ಸೀ ವಾಕ್‌ಗೆ ಕರೆದುಕೊಂಡು ಹೋಗಿ. ಕಾಂಕ್ರೀಟ್ ದಾರಿ, ಸಮುದ್ರದ ಪಕ್ಕದಲ್ಲೇ ನಡೆಯಬಹುದು. ಸಂಜೆ ಐದಕ್ಕೆಲ್ಲ ಅಲ್ಲಿರಿ, ತಡ ಮಾಡಬೇಡಿ.